ಕರಿಗಲ್ಲಿನ ಒಡಲಲ್ಲಿ ನೀಲಿ ನಿಧಿ

ನಿಧಿ ಎಂದೊಡನೆ ಜನಮನದಲ್ಲಿ ಮೂಡುವುದು ಹೊನ್ನು ತುಂಬಿದ ಕೊಪ್ಪರಿಗೆಯ ಚಿತ್ರ. ಪುಣೆಯ ಸುತ್ತಲಿನ ನೆಲದಲ್ಲಿ ಬೇರೊಂದು ಬಗೆಯ ನಿಧಿಯುಂಟು. ಬಾವಿ ತೋಡುವಾಗ, ಗುಡ್ಡ ಕಡಿಯುವಾಗ ಕರಿಗಲ್ಲಿನ ಪೊಳ್ಳುಗಳಲ್ಲಿ ಥಳಥಳಿಸುವ ಹರಳುಗಳು ಗೋಚರಿಸುತ್ತವೆ. ನಗರದ ಪೂರ್ವಕ್ಕಿರುವ ವಾಘೋಲಿಯ ಕಲ್ಲುಗಣಿಗಳಲ್ಲಿ ದೊರೆತ ಕಡುನೀಲಿ ಹರಳು ಇವುಗಳಲ್ಲಿ ಜಗತ್ಪ್ರಸಿದ್ಧವಾದುದು. ಮೈಲುತುತ್ತವೆಂದು ಭ್ರಮೆ ಹುಟ್ಟಿಸುವ ಈ ಖನಿಜದ ಹೆಸರು ಕ್ಯಾವನ್ಸೈಟ್. 1967ರಲ್ಲಿ ಅಮೆರಿಕದ ಆರೆಗಾನ್ ಪ್ರಾಂತದಲ್ಲಿ ಮೊದಲು ಕಂಡ ಇದನ್ನು 1973ರಲ್ಲಿ ಹೊಸ ಖನಿಜವೆಂದು ವಿಜ್ಞಾನಿಗಳು ವರ್ಣಿಸಿದರು. ಆದರೆ ಇದರ ಅತ್ಯುತ್ತಮ ಮಾದರಿಗಳನ್ನು ಲೋಕಕ್ಕೆ ಕೊಟ್ಟ ಕೀರ್ತಿ ವಾಘೋಲಿಯದು.

ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನಿನ ಮೇಲೆ ಲಾವಾರಸ ಪದರಪದರವಾಗಿ ಹರಿದು ಹೆಪ್ಪುಗಟ್ಟಿತು. ಅದರೊಳಗಿನ ಗಾಳಿಗುಳ್ಳೆಗಳಲ್ಲಿ ಖನಿಜಯುಕ್ತ ಬಿಸಿನೀರು ಇಳಿದು ಹರಳುಗಟ್ಟಿತು. ವಿಜಯಪುರದ ಗೋಳಗುಮ್ಮಟವನ್ನು ಕಟ್ಟಿರುವುದೂ ಇದೇ ಜಾತಿಯ ಕರಿಗಲ್ಲಿನಿಂದ. ಪೊಳ್ಳುಗಳಲ್ಲಿ ಸಿಗುವ ಹರಳುಗಳಲ್ಲಿ ಹಲವು ಜಿಯೋಲೈಟ್ ವರ್ಗಕ್ಕೆ ಸೇರಿವೆ. ಕಾಯಿಸಿದಾಗ ಒಡಲ ನೀರನ್ನು ಆವಿಯಾಗಿ ಬಿಡುವುದರಿಂದ ‘ಕುದಿಯುವ ಕಲ್ಲು’ ಎಂಬರ್ಥದ ಈ ಹೆಸರನ್ನು 1756ರಲ್ಲಿ ಸ್ವೀಡನ್ನಿನ ಕ್ರೋನ್‌ಸ್ಟೆಟ್ ಇಟ್ಟನು.

ಸಿಕ್ಕ ಕಲ್ಲನ್ನು ಗುರುತಿಸಲು ಬಣ್ಣವೊಂದನ್ನೇ ನಂಬಬಾರದು. ಮೈಲುತುತ್ತ ನೀರಿನಲ್ಲಿ ಕರಗುತ್ತದೆ, ಕ್ಯಾವನ್ಸೈಟ್ ಕರಗದು. ಬೆಣಚುಕಲ್ಲು ಗಾಜನ್ನು ಗೀಚುತ್ತದೆ. ಕ್ಯಾಲ್ಸೈಟ್ ಚಾಕುವಿಗೇ ಸೋಲುತ್ತದೆ, ನಿಂಬೆರಸ ತಗುಲಿದರೆ ಸಣ್ಣ ಗುಳ್ಳೆಗಳನ್ನೂ ಬಿಡುತ್ತದೆ. ಸ್ಟಿಲ್ಬೈಟ್ ಹರಳುಗಳು ನಡುವೆ ಕಟ್ಟಿದ ಹುಲ್ಲಿನ ಸಿವುಡಿನಂತೆ ಕಾಣುತ್ತವೆ. ಅಯಸ್ಕಾಂತಕ್ಕೆ ಅಂಟಿದ ಕರಿಗಲ್ಲೆಲ್ಲ ಉಲ್ಕೆಯಲ್ಲ. ಸಾಮಾನ್ಯ ಕರಿಗಲ್ಲಿನಲ್ಲಿಯೂ ಕಬ್ಬಿಣದ ಅದಿರಿನ ಕಣಗಳಿರುತ್ತವೆ.

ಆತುರದಿಂದ ಸುತ್ತಿಗೆ ಎತ್ತುವುದು ಮಾತ್ರ ಸಲ್ಲದು. ಒಡೆದರೆ ಹರಳಿನ ಬೆಲೆ ಹೋಗುತ್ತದೆ. ಅದಕ್ಕಿಂತ ಮಿಗಿಲಾದ ಹಾನಿ ಶ್ವಾಸಕೋಶಕ್ಕೆ. ಬೆಣಚುಕಲ್ಲಿನ ನುಣ್ಣನೆಯ ಧೂಳು ವರ್ಷಗಟ್ಟಲೆ ಎದೆಗಿಳಿದರೆ ಬರುವ ಸಿಲಿಕೋಸಿಸ್ ರೋಗವನ್ನು ಗುಣಪಡಿಸುವ ಔಷಧವಿಲ್ಲ. ಎರಿಯೊನೈಟ್ ಎಂಬ ನಾರಿನಂಥ ಜಿಯೋಲೈಟಿನ ಧೂಳು ತುರ್ಕಿಯ ಕರೈನ್ ಗ್ರಾಮದಲ್ಲಿ ಅನೇಕರನ್ನು ಶ್ವಾಸಕೋಶದ ಹೊರಪೊರೆಯ ಕ್ಯಾನ್ಸರಿಗೆ ಬಲಿಕೊಟ್ಟಿತು. ಎಲ್ಲ ಜಿಯೋಲೈಟುಗಳೂ ಇಂಥವಲ್ಲ. ಆದರೂ ಸೂಜಿಯಂಥ, ಹತ್ತಿಯಂಥ ಹರಳುಗಳನ್ನು ಉಜ್ಜಬಾರದು, ಪುಡಿಮಾಡಬಾರದು. ಗುರುತು ತಿಳಿಯದ ಕಲ್ಲನ್ನು ನಾಲಗೆಗೆ ತಾಗಿಸಲೂಬಾರದು. ಮುಟ್ಟಿದ ಮೇಲೆ ಕೈತೊಳೆಯಬೇಕು.

ದೊರೆತ ಸ್ಥಳವನ್ನೂ ದಿನಾಂಕವನ್ನೂ ಚೀಟಿಯಲ್ಲಿ ಬರೆದಿಟ್ಟು, ಕಲ್ಲನ್ನು ಭೂವಿಜ್ಞಾನ ಬಲ್ಲವರಿಗೆ ತೋರಿಸುವುದೇ ಲೇಸು. ಪುಣೆ ವಿಶ್ವವಿದ್ಯಾಲಯದಲ್ಲಿ ಆ ವಿಭಾಗವೇ ಇದೆ. ಹುಟ್ಟೂರು ತಿಳಿಯದ ಹರಳು ಬರಿಯ ಅಲಂಕಾರ. ತಿಳಿದ ಹರಳು ಭೂಮಿಯ ಚರಿತ್ರೆಯ ಪುಟ. ಕಪಾಟಿನಲ್ಲಿ ಹೊಳೆಯುವ ಆ ನೀಲಿಯ ಹಿಂದೆ ಧೂಳು ಕುಡಿದು ಕಲ್ಲೊಡೆದ ಕಾರ್ಮಿಕನ ಉಸಿರೂ ಇದೆಯೆಂಬುದನ್ನು ಮರೆಯಲಾಗದು.