ಬಚ್ಚಲೊಲೆ ಒಂದು ದಿನ ಕಾಯಲಿ!

ನಿಲ್ಕುಂದ: ಆಷಾಢದ ಮಳೆ ಹಿಡಿಯಿತೆಂದರೆ ಸಿದ್ದಾಪುರ ತಾಲೂಕಿನ ಈ ಘಟ್ಟದ ಊರಲ್ಲಿ ಒಗೆದ ಬಟ್ಟೆ ಬೇಗ ಒಣಗೋದಿಲ್ಲ. ದೊಡ್ಡವರೇ ಕಂಬಳಿ ಬಿಟ್ಟು ಏಳಲು ಅಳುಕುತ್ತಾರೆ. ಅಂಥ ಹೊತ್ತಿನಲ್ಲಿ ತಾಯಿಯ ಹೊಟ್ಟೆಯ ಬಿಸಿಯಿಂದ ಒದ್ದೆ ಮೈಯಲ್ಲಿ ಹೊರಬಿದ್ದ ಕೂಸಿನ ಪಾಡೇನು?

ಮನೆಯಲ್ಲಿ ಹೆರುವ ಕಾಲ ಹೋಯಿತು, ನಿಜ. 2005ರಲ್ಲಿ ಜನನಿ ಸುರಕ್ಷಾ ಯೋಜನೆ ಬಂತು, 2008ರ ನವೆಂಬರಿನಿಂದ 108 ಗಾಡಿ ಓಡತೊಡಗಿತು. ಆದರೆ ಮರ ಬಿದ್ದು ರಸ್ತೆ ಕಟ್ಟಿದ ರಾತ್ರಿ ಹೆರಿಗೆ ಯಾರನ್ನೂ ಕಾಯೋದಿಲ್ಲ. ಆಗ ಮೊದಲು ಏನು ಮಾಡಬೇಕೆಂಬುದು ಮನೆಮಂದಿಗೆ ತಿಳಿದಿರಬೇಕು.

ಮೊದಲು ಒರೆಸಬೇಕು. ಒಣಬಟ್ಟೆಯಿಂದ ತಲೆಯಿಂದ ಕಾಲಿನವರೆಗೆ ಒರೆಸಿ, ಒದ್ದೆಯಾದ ಆ ಬಟ್ಟೆಯನ್ನು ಆಚೆ ಎಸೆದು, ಕೂಸನ್ನು ಬರಿಮೈಯಲ್ಲೇ ತಾಯಿಯ ಎದೆಯ ಮೇಲೆ ಮಲಗಿಸಬೇಕು. ಮೇಲೊಂದು ಹೊದಿಕೆ, ತಲೆಗೊಂದು ಕುಲಾವಿ. ಅಳದಿದ್ದರೆ ಬೆನ್ನು ತಿಕ್ಕಬೇಕೇ ವಿನಾ ಕಾಲು ಹಿಡಿದು ತಲೆಕೆಳಗಾಗಿ ಬಡಿಯೋದಲ್ಲ.

ತಕರಾರು ಶುರುವಾಗೋದು ಸ್ನಾನದ ವಿಷಯಕ್ಕೆ. "ಮೀಯಿಸದೆ ಕೂಸನ್ನ ಎತ್ಕೊಳ್ಳೋದು ಹ್ಯಾಗೆ?" ಎನ್ನುವ ಅಜ್ಜಿಯರು ಮಲೆನಾಡಿನಲ್ಲಿ ಇಂದಿಗೂ ಉಂಟು. ಹಂಡೆ ನೀರು ಎಷ್ಟೇ ಬಿಸಿಯಿರಲಿ, ಮೈಮೇಲಿನ ನೀರು ಆರುವಾಗ ಕೂಸಿನ ಶಾಖವನ್ನೂ ಎಳೆದುಕೊಂಡೇ ಹೋಗುತ್ತದೆ. ಹುಟ್ಟಿದಾಗ ಮೈಮೇಲಿರುವ ಬಿಳಿ ಜಿಡ್ಡು ಕೊಳೆಯಲ್ಲ, ಕಾಪು. 24 ಗಂಟೆ ಮೀಯಿಸಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಜ್ಜಿಯ ಕೈ ಬೇಡವೆಂದಲ್ಲ. ಒಂದು ದಿನ ತಡೆಯಲಿ, ಅಷ್ಟೆ.

ಜೇನು, ಸಕ್ಕರೆ ನೀರು ಬೇಡ. ಒಂದು ಗಂಟೆಯೊಳಗೆ ಮೊಲೆಹಾಲು ಸಿಗಬೇಕು. ಮೊದಲ ಹಳದಿ ಹಾಲನ್ನು ಹಿಂಡಿ ಚೆಲ್ಲುವವರೂ ಇದ್ದಾರೆ! ಕರುವಿಗೆ ಗಿಣ್ಣು ಕುಡಿಸಬೇಕೆಂದು ಬಲ್ಲ ರೈತರ ಮನೆಯಲ್ಲೇ ಇದು ನಡೆದರೆ ಏನೆನ್ನೋಣ? ಹೊಕ್ಕುಳಿಗೆ ಬೂದಿ, ಅರಿಶಿನ, ಎಣ್ಣೆ ಯಾವುದೂ ಕೂಡದು. ಒಣಗಿದ್ದರೆ ಸಾಕು.

ಎರಡೂವರೆ ಕಿಲೋಗಿಂತ ಕಮ್ಮಿ ತೂಕದ ಕೂಸಿಗಂತೂ ತಾಯಿಯ ಎದೆಯೇ ಔಷಧ. 1978ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ಕೂಸು ಕಾಯಿಸುವ ಪೆಟ್ಟಿಗೆಗಳು ಸಾಲದೆ ಹೋದಾಗ ವೈದ್ಯರು ಕಂಡುಕೊಂಡ ಉಪಾಯವಿದು, ಹೆಸರು ಕಾಂಗರೂ ಆರೈಕೆ. ಭಾರತವೂ ಸೇರಿ ಐದು ದೇಶಗಳ ಆಸ್ಪತ್ರೆಗಳಲ್ಲಿ ತೀರಾ ಸಣ್ಣ ಕೂಸುಗಳ ಮೇಲೆ ನಡೆದ ಅಧ್ಯಯನವೊಂದು 2021ರಲ್ಲಿ ಪ್ರಕಟವಾಯಿತು. ಹುಟ್ಟಿದ ಕೂಡಲೇ ಎದೆಗಪ್ಪಿಸಿದವುಗಳಲ್ಲಿ ನೂರಕ್ಕೆ 12 ತೀರಿಕೊಂಡರೆ, ಚೇತರಿಸಿದ ಮೇಲೆ ಅಪ್ಪಿಸಿದವುಗಳಲ್ಲಿ ಹತ್ತಿರ ಹತ್ತಿರ 16. ಪೆಟ್ಟಿಗೆಗೆ ಕರೆಂಟು ಬೇಕು. ಗಾಳಿಮಳೆಗೆ ಅದು ಕೈಕೊಡುವುದು ಘಟ್ಟದವರಿಗೆ ಹೇಳಿಕೊಡಬೇಕಾದ ಮಾತಲ್ಲ.

ಪಾದ ಮುಟ್ಟಿ ನೋಡಿ: ಹೊಟ್ಟೆ ಬೆಚ್ಚಗಿದ್ದು ಪಾದ ತಣ್ಣಗಿದ್ದರೆ ಕೂಡಲೇ ಎದೆಗಪ್ಪಿಸಬೇಕು. ಎರಡೂ ತಣ್ಣಗಿದ್ದರೆ, ಹಾಲು ಬಿಟ್ಟರೆ, ಉಸಿರು ಏರಿದರೆ ಆಸ್ಪತ್ರೆಗೆ ಹೊರಡಬೇಕು, ಅದೂ ಎದೆಗಪ್ಪಿಕೊಂಡೇ. ಆಸ್ಪತ್ರೆಯಿಂದ ಮನೆಗೆ ಬಂದ ಕೂಸನ್ನು 3, 7, 14, 21, 28, 42ನೇ ದಿನ ಆಶಾ ಕಾರ್ಯಕರ್ತೆ ಬಂದು ನೋಡುವುದು ನಿಯಮ. ಬಾರದಿದ್ದರೆ ಕೇಳಿ ಕರೆಸಿ.

ಜಿಲ್ಲೆಗೊಂದು ದೊಡ್ಡಾಸ್ಪತ್ರೆ ಬೇಕೆಂಬ ಕೂಗು 2022ರಲ್ಲಿ ಜೋರಾಗಿಯೇ ಎದ್ದಿತ್ತು. ಅದು ಸರ್ಕಾರದ ಕೆಲಸ. ನಾಲ್ಕು ಒಣಬಟ್ಟೆ, ಒಂದು ಕುಲಾವಿಯನ್ನು ಮಳೆ ಹಿಡಿಯುವ ಮುಂಚೆಯೇ ಚೀಲಕ್ಕೆ ಹಾಕಿಡುವುದು ಮನೆಯವರ ಕೆಲಸ.