ನಾಲ್ಕು ಮೌಲ್ಯಗಳ ತರ್ಕ

ಸಮಬಲದ ಎರಡು ಹೇತುಗಳು ಪರಸ್ಪರ ವಿರುದ್ಧವಾದ ಸಾಧ್ಯಗಳನ್ನು ಸಾಧಿಸಹೊರಟಾಗ ನಮ್ಮ ನೈಯಾಯಿಕರು ಅದನ್ನು ಸತ್ಪ್ರತಿಪಕ್ಷವೆಂಬ ಹೇತ್ವಾಭಾಸವೆಂದು ಗುರುತಿಸಿ, ಅಲ್ಲಿ ಅನುಮಿತಿಯೇ ಹುಟ್ಟದೆಂದು ನಿರ್ಣಯಿಸಿದರು. ಪಾಶ್ಚಾತ್ಯರ ಅಭಿಜಾತ ತರ್ಕದಲ್ಲಾದರೋ ವಿರೋಧವೊಂದು ಒಳಹೊಕ್ಕೊಡನೆ ಸಕಲವೂ ಸಿದ್ಧವಾಗಿಬಿಡುತ್ತದೆ. ‘ಮಳೆ ಬಂದಿತು’ ಎಂಬುದು ನಿಜವಾದರೆ ‘ಮಳೆ ಬಂದಿತು ಅಥವಾ ಸಮುದ್ರದ ನೀರು ಸಿಹಿ’ ಎಂಬುದೂ ನಿಜವಷ್ಟೆ. ಇದರೊಡನೆ ‘ಮಳೆ ಬರಲಿಲ್ಲ’ ಎಂಬ ಮತ್ತೊಬ್ಬ ಸಾಕ್ಷಿಯ ಮಾತನ್ನೂ ಅಂಗೀಕರಿಸಿದರೆ ಸಮುದ್ರದ ನೀರು ಸಿಹಿಯಾಗದೆ ಗತ್ಯಂತರವಿಲ್ಲ.

ಚರ್ಚೆಯಲ್ಲಿ ಭಾಗವಹಿಸಿದವರ ವಿರುದ್ಧಾಭಿಪ್ರಾಯಗಳನ್ನು ಒಂದೇ ವಾಕ್ಯವಾಗಿ ಬೆಸೆಯದಂತೆ ನಿರ್ಬಂಧಿಸಿ ಈ ಅನರ್ಥವನ್ನು ತಡೆಯುವ ಮಾರ್ಗವನ್ನು ಪೋಲೆಂಡಿನ ಸ್ಟಾನಿಸ್ವಾವ್ ಯಾಶ್ಕೊವ್ಸ್ಕಿ 1948ರಲ್ಲಿ ತೋರಿಸಿದನು. ಬ್ರೆಜಿಲ್‌ನ ನ್ಯೂಟನ್ ಡ ಕೋಸ್ಟ 1963ರಲ್ಲಿ ಬೇರೊಂದು ಪದ್ಧತಿಯನ್ನು ರಚಿಸಿದನು. ಆದರೆ ನನ್ನ ಮನಸ್ಸನ್ನು ಹೆಚ್ಚಾಗಿ ಸೆಳೆಯುವುದು ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ನ್ಯುಯೆಲ್ ಬೆಲ್ನಾಪ್, ತನ್ನ ಶಿಷ್ಯ ಮೈಕೆಲ್ ಡನ್ 1976ರಲ್ಲಿ ಪ್ರಕಟಿಸಿದ ವಿಚಾರದ ಜಾಡಿನಲ್ಲಿ, 1977ರಲ್ಲಿ ಗಣಕಯಂತ್ರಕ್ಕೆಂದೇ ರೂಪಿಸಿದ ತರ್ಕ.

ಹಲವರಿಂದ ವರ್ತಮಾನ ಪಡೆದು ಪ್ರಶ್ನೆಗಳಿಗೆ ಉತ್ತರಿಸಬೇಕಾದ ಯಂತ್ರಕ್ಕೆ, 1971ರ ಬೇಸ್‌ಬಾಲ್ ಸರಣಿಯನ್ನು ಪೈರೇಟ್ಸ್ ತಂಡ ಗೆದ್ದಿತೆಂದು ಒಬ್ಬಳೂ ಗೆಲ್ಲಲಿಲ್ಲವೆಂದು ಇನ್ನೊಬ್ಬನೂ ತಿಳಿಸಿದರೆ ಅದು ಏನು ಮಾಡಬೇಕು? ಬೆಲ್ನಾಪನ ಉತ್ತರ: ಯಾರನ್ನೂ ಅಲ್ಲಗಳೆಯದೆ, ಹೇಳಿದ್ದೆಲ್ಲವನ್ನೂ ಹೇಳಿದಂತೆಯೇ ದಾಖಲಿಸಿಕೊಳ್ಳಬೇಕು. ಆದ್ದರಿಂದ ಪ್ರತಿ ವಾಕ್ಯಕ್ಕೂ ನಾಲ್ಕು ಸ್ಥಿತಿಗಳುಂಟು: ನಿಜವೆಂದಷ್ಟೇ ತಿಳಿದುಬಂದದ್ದು, ಸುಳ್ಳೆಂದಷ್ಟೇ ತಿಳಿದುಬಂದದ್ದು, ಏನೂ ತಿಳಿದುಬರದಿದ್ದದ್ದು, ಎರಡೂ ಬಗೆಯಾಗಿ ತಿಳಿದುಬಂದದ್ದು. ಮಳೆ ಬಂದೂ ಬಾರದಂತಿತ್ತೆಂದು ಈ ನಾಲ್ಕನೆಯದು ಸಾರುವುದಿಲ್ಲ. ಮಳೆಯ ವಿಷಯವಾಗಿ ನಮಗೆ ಬಂದ ಸಾಕ್ಷ್ಯ ಎರಡು ಬಗೆಯಾಗಿದೆಯೆಂದಷ್ಟೇ ತಿಳಿಸುತ್ತದೆ. ಈ ವಿವೇಚನೆಯೇ ಇಡೀ ತರ್ಕದ ಜೀವಾಳವೆಂದು ನಾನು ತಿಳಿದಿದ್ದೇನೆ. ಮಳೆಯ ಮಾತು ಎರಡೂ ಬಗೆಯದಾಗಿ, ಸಮುದ್ರದ ಮಾತು ಸುಳ್ಳೆಂದೇ ತಿಳಿದಿದ್ದರೆ, ಎರಡು ಆಧಾರವಾಕ್ಯಗಳಿಗೂ ನಿಜವೆಂಬ ಸಾಕ್ಷ್ಯ ದೊರೆತರೂ ತೀರ್ಮಾನಕ್ಕೆ ದೊರೆಯುವುದಿಲ್ಲ. ಸಮುದ್ರವು ಉಪ್ಪಾಗಿಯೇ ಉಳಿಯುತ್ತದೆ.

ದತ್ತಾಂಶಗಳ ನಿರ್ವಹಣೆಗೆ ಇಂದು ವ್ಯಾಪಕವಾಗಿ ಬಳಕೆಯಲ್ಲಿರುವ ಎಸ್‌ಕ್ಯೂಎಲ್ ಭಾಷೆ ನಿಜ, ಸುಳ್ಳು, ಅಜ್ಞಾತ ಎಂಬ ಮೂರನ್ನು ಮಾತ್ರ ಬಲ್ಲುದು. ಸಾಕ್ಷ್ಯವಿಲ್ಲದಿರುವುದಕ್ಕೆ ಅಲ್ಲಿ ಸ್ಥಾನವುಂಟು, ಸಾಕ್ಷ್ಯಗಳ ವಿರೋಧಕ್ಕಿಲ್ಲ. ಒಂದೇ ಅಂಕಣಕ್ಕೆ ಎರಡು ಮೂಲಗಳಿಂದ ಬೇರೆಬೇರೆ ಉತ್ತರಗಳು ಬಂದರೆ ಸಾಮಾನ್ಯವಾಗಿ ಕೊನೆಗೆ ಬರೆದದ್ದು ಉಳಿದು ಮೊದಲಿನದು ಅಳಿಸಿಹೋಗುತ್ತದೆ. ರೋಗಿಯ ಔಷಧ, ರೈತನ ಜಮೀನು ಇಂತಹವುಗಳ ದಾಖಲೆಗಳನ್ನು ಇಡುವವರು ಬೆಲ್ನಾಪನ ನಾಲ್ಕನೆಯ ಸ್ಥಾನವನ್ನು ತಮ್ಮ ಅಂಕಣಗಳಲ್ಲಿ ಕಲ್ಪಿಸಿಕೊಡಬೇಕು.