ಸ್ಪೈಡರ್ ಮ್ಯಾನ್‌ಗೆ ಮಾರ್ಕ್ಸ್ ಕಡಿಮೆ ಬಂದಿರಲಿಲ್ಲ: 2004ರ ಸಿನಿಮಾವನ್ನು ಮತ್ತೆ ನೋಡಿದಾಗ

ಇಯರ್‌ಫೋನ್ ಹಾಕ್ಕೊಂಡಿದ್ದೀರಾ? ಬಸ್ಸಲ್ಲಿದ್ದರೆ ಕಿಟಕಿ ಪಕ್ಕ ಸೀಟು ಸಿಕ್ಕಿರಲಿ ಅಂತ ಹಾರೈಸ್ತಾ ಶುರು ಮಾಡ್ತೀನಿ.

ಇವತ್ತಿನ ಸಂಚಿಕೆ ಹುಟ್ಟಿದ್ದು ಒಂದು ಸುಳ್ಳಿನಿಂದ. ಸುಳ್ಳು ಹೇಳಿದ್ದು ನನ್ನ ದೊಡ್ಡಪ್ಪನ ಮಗ. ನಾನಾಗ ಮೂರನೇ ಕ್ಲಾಸು, ಅವನು ಆರನೇ ಕ್ಲಾಸು. ಅರಸೀಕೆರೆಯಲ್ಲಿ ಬೇಸಿಗೆ ರಜೆ. ಬಾಡಿಗೆಗೆ ತಂದ ಎರಡು ಸಿಡಿಯಲ್ಲಿ ‘ಸ್ಪೈಡರ್ ಮ್ಯಾನ್ 2’, ಹಿಂದಿಯಲ್ಲಿ. ಮನೇಲಿ ಯಾರಿಗೂ ಹಿಂದಿ ಬರಲ್ಲ, ಅವನಿಗೆ ಮಾತ್ರ ಸ್ಕೂಲಲ್ಲಿ ಹಿಂದಿ ಪೀರಿಯಡ್ ಇತ್ತು. ಹಾಗಾಗಿ ಅವನೇ ನಮ್ಮ ಅಧಿಕೃತ ಅನುವಾದಕ.

ಸಿನಿಮಾದ ಮಧ್ಯದಲ್ಲಿ ಪೀಟರ್ ಪಾರ್ಕರ್ ತನ್ನ ಚಿಕ್ಕಮ್ಮ ಮೇ ಎದುರು ಟೇಬಲ್ಲಿಗೆ ಕೂತು ಏನೋ ಹೇಳ್ತಾನೆ. ಆಕೆಯ ಮುಖ ಬಿಳಿಚಿಕೊಳ್ಳುತ್ತೆ. ಹಿಡಿದಿದ್ದ ಕೈ ಬಿಡಿಸಿಕೊಂಡು, ಒಂದೂ ಮಾತಾಡದೆ ಮೆಟ್ಟಿಲು ಹತ್ತಿ ಹೋಗ್ತಾರೆ. ‘ಏನಂತೆ?’ ಅಂತ ಕೇಳಿದೆ. ಅಣ್ಣ ಒಂದು ಕ್ಷಣವೂ ಯೋಚನೆ ಮಾಡದೆ, ‘ಮಾರ್ಕ್ಸ್ ಕಡಿಮೆ ಬಂದಿದೆಯಂತೆ’ ಅಂದ. ನಾನು ನಂಬಿದೆ. ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಅದನ್ನೇ ನಂಬಿಕೊಂಡಿದ್ದೆ.

ಕಳೆದ ತಿಂಗಳು ಪಿಜಿ ರೂಮಲ್ಲಿ ಮಲಗಿಕೊಂಡು ಫೋನಲ್ಲೇ ಆ ಸಿನಿಮಾವನ್ನ ಮತ್ತೆ ನೋಡಿದೆ. ಇಂಗ್ಲಿಷಲ್ಲಿ, ಸಬ್‌ಟೈಟಲ್ ಹಾಕ್ಕೊಂಡು. ನಾನು ನೋಡಿದ್ದೀನಿ ಅಂದುಕೊಂಡಿದ್ದ ಸಿನಿಮಾದಲ್ಲಿ ಅರ್ಧದಷ್ಟನ್ನು ನಾನು ನೋಡೇ ಇರಲಿಲ್ಲ ಅಂತ ಆಗ ಗೊತ್ತಾಯ್ತು.

ಮೊದಲು ಸಿನಿಮಾದ ಪರಿಚಯ, ಬೇಗ ಮುಗಿಸ್ತೀನಿ. ನಿರ್ದೇಶಕ ಸ್ಯಾಮ್ ರೈಮಿ, ಪೀಟರ್ ಆಗಿ ಟೋಬಿ ಮ್ಯಾಗ್ವೈರ್, ವಿಲನ್ ಡಾಕ್ಟರ್ ಆಕ್ಟೋಪಸ್ ಆಗಿ ಆಲ್ಫ್ರೆಡ್ ಮೊಲಿನಾ, ಚಿಕ್ಕಮ್ಮನಾಗಿ ರೋಸ್‌ಮೆರಿ ಹ್ಯಾರಿಸ್. ಬಿಡುಗಡೆ 2004. ಸ್ಪೈಡರ್ ಮ್ಯಾನ್ ಪಾತ್ರ ಇನ್ನೂ ಹಳೆಯದು: ಸ್ಟ್ಯಾನ್ ಲೀ ಮತ್ತು ಸ್ಟೀವ್ ಡಿಟ್ಕೊ 1962ರಲ್ಲಿ ಕಾಮಿಕ್ಸ್‌ಗೆ ತಂದಿದ್ದು.

ಚಿಕ್ಕವನಿದ್ದಾಗ ನನಗೆ ಇದು ನಾಲ್ಕು ಕಬ್ಬಿಣದ ಕೈಗಳ ವಿಲನ್ ಜೊತೆ ಹೊಡೆದಾಡೋ ಕಥೆ. ಈಗ ನೋಡಿದರೆ ಇದು ಬಾಡಿಗೆ ಕಟ್ಟೋಕಾಗದ ಹುಡುಗನ ಕಥೆ. ಉತ್ಪ್ರೇಕ್ಷೆ ಅಂದ್ಕೋಬೇಡಿ, ಮೊದಲ ಹದಿನೈದು ನಿಮಿಷ ಏನೇನಾಗುತ್ತೆ ಅಂತ ಕೇಳಿ. ಪೀಟರ್ ಪಿಜ್ಜಾ ಡೆಲಿವರಿ ಹುಡುಗ. 29 ನಿಮಿಷದಲ್ಲಿ ತಲುಪಿಸದಿದ್ದರೆ ಪಿಜ್ಜಾ ಫ್ರೀ. ದಾರೀಲಿ ಲಾರಿಗೆ ಸಿಕ್ಕಬೇಕಿದ್ದ ಇಬ್ಬರು ಮಕ್ಕಳನ್ನ ಉಳಿಸ್ತಾನೆ, ಲೇಟಾಗುತ್ತೆ, ಕೆಲಸ ಹೋಗುತ್ತೆ. (ಅವನನ್ನ ಕೆಲಸದಿಂದ ತೆಗೆಯೋ ಅಂಗಡಿಯವನಾಗಿ ನಟಿಸಿರೋದು ಮುಂಬೈಯಲ್ಲಿ ಹುಟ್ಟಿದ ಆಸಿಫ್ ಮಾಂಡ್ವಿ. ಇದನ್ನ ಈ ಸಲವಷ್ಟೇ ಗಮನಿಸಿದೆ.) ಪತ್ರಿಕೆಗೆ ಫೋಟೋ ಮಾರಿದರೆ ಬರೋ ದುಡ್ಡು ಹಿಂದೆ ತಗೊಂಡ ಅಡ್ವಾನ್ಸಿಗೇ ಸಾಲಲ್ಲ. ಕಾಲೇಜಿನಲ್ಲಿ ಪ್ರೊಫೆಸರ್ ಬೈತಾರೆ, ಕ್ಲಾಸಿಗೆ ಯಾವಾಗ್ಲೂ ಲೇಟು. ಗಿಗ್ ಕೆಲಸ ಅನ್ನೋ ಪದ ನಮ್ಮ ಬಾಯಿಗೆ ಬರೋಕೆ ಎಷ್ಟೋ ವರ್ಷ ಮೊದಲೇ ಈ ಸಿನಿಮಾ ಡೆಲಿವರಿ ಬಾಯ್ ಒಬ್ಬನ ಟೈಮರ್‌ನಿಂದ ಶುರುವಾಗಿತ್ತು.

ಅವತ್ತೇ ಅವನ ಹುಟ್ಟುಹಬ್ಬ. ಚಿಕ್ಕಮ್ಮನ ಮನೇಲಿ ಪಾರ್ಟಿ ಮುಗಿದ ಮೇಲೆ ಬ್ಯಾಂಕಿನಿಂದ ಬಂದ ಪತ್ರ ಅವನ ಕಣ್ಣಿಗೆ ಬೀಳುತ್ತೆ. ಸಾಲದ ಕಂತು ಕಟ್ಟದೆ ಮನೆಯೇ ಕೈತಪ್ಪೋ ಹಾಗಿದೆ. ಆದರೂ ಆಕೆ 20 ಡಾಲರ್ ತೆಗೆದು ಅವನ ಕೈಗೆ ಇಡ್ತಾರೆ. ಅವನು ಬೇಡ ಅಂತಾನೆ. ಆಗ ಆಕೆಗೆ ಸಿಟ್ಟು ಬರುತ್ತೆ. ಇದು ದೊಡ್ಡ ದುಡ್ಡಲ್ಲ, ತಗೋ, ಅಂತ ರೇಗ್ತಾರೆ, ರೇಗಿದ ಮರುಕ್ಷಣ ಅಳ್ತಾರೆ.

ಇಲ್ಲಿ ಫೋನ್ ಪಾಸ್ ಮಾಡಿದೆ. ನಾನು ಕೆಲಸಕ್ಕೆ ಅಂತ ಬೆಂಗಳೂರಿಗೆ ಹೊರಟ ದಿನ ಅರಸೀಕೆರೆ ಬಸ್‌ಸ್ಟ್ಯಾಂಡಲ್ಲಿ ಅಮ್ಮ 500ರ ನೋಟು ಕೈಗೆ ತುರುಕಿದ್ದರು. ಮನೆ ಪರಿಸ್ಥಿತಿ ಗೊತ್ತಿತ್ತು, ಬೇಡಮ್ಮಾ ಅಂದೆ. ಎಲ್ಲರ ಎದುರಿಗೇ ಬೈದುಬಿಟ್ಟರು. ಯಾಕೆ ಅಷ್ಟು ಸಿಟ್ಟು ಅಂತ ನನಗಾಗ ಅರ್ಥವಾಗಿರಲಿಲ್ಲ. ಕೊಡೋಕೆ ಇನ್ನೇನೂ ಇಲ್ಲದವರ ಕೈಯಿಂದ ಆ ಒಂದು ನೋಟನ್ನೂ ತಗೊಳ್ಳಲ್ಲ ಅಂದರೆ ಅವರಿಗೆ ಹೇಗನಿಸುತ್ತೆ ಅನ್ನೋದನ್ನ ಈ ದೃಶ್ಯ ಎರಡೇ ನಿಮಿಷದಲ್ಲಿ ತೋರಿಸಿತು. ಪೀಟರ್ ಆ ದುಡ್ಡು ತಗೋತಾನೆ. ರೂಮಿಗೆ ಬಂದ ಕೂಡಲೇ ಓನರ್ ಅವನ ಕೈಯಲ್ಲಿದ್ದ 20 ಡಾಲರನ್ನ ಕಿತ್ಕೋತಾನೆ. ಅದೇ ನೋಟು ಅಂತ ಸಿನಿಮಾ ಬಾಯಿಬಿಟ್ಟು ಹೇಳಲ್ಲ. ನನಗಂತೂ ಅದೇ ನೋಟು. ಅಂದಹಾಗೆ, ಓನರ್ ಹೆಸರು ಡಿಟ್ಕೊವಿಚ್. ಪಾತ್ರ ಸೃಷ್ಟಿಸಿದ ಡಿಟ್ಕೊಗೆ ಒಂದು ಸಲಾಮು.

ಇನ್ನು ಶಕ್ತಿ ಹೋಗೋ ವಿಷಯ. ಸೂಪರ್‌ಮ್ಯಾನ್‌ನ ಶಕ್ತಿ ಹೋಗಬೇಕಾದರೆ ಕ್ರಿಪ್ಟನೈಟ್ ಅನ್ನೋ ಕಲ್ಲು ಬೇಕು. ಪೀಟರ್‌ಗೆ ಯಾವ ಕಲ್ಲೂ ಬೇಡ. ಸುಮ್ಮನೆ ಒಂದು ದಿನ ಕೈಯಿಂದ ಬಲೆ ಬರಲ್ಲ, ಗೋಡೆಗೆ ಅಂಟಲ್ಲ, ಸ್ಪೈಡರ್ ಮ್ಯಾನ್ ಡ್ರೆಸ್ಸಲ್ಲೇ ಲಿಫ್ಟಲ್ಲಿ ಇಳೀಬೇಕಾಗುತ್ತೆ. ಚಿಕ್ಕವನಿದ್ದಾಗ ಇದು ಕಾಮಿಡಿ ಅಂತ ಬಿದ್ದು ಬಿದ್ದು ನಕ್ಕಿದ್ದೆ. ಈಗಲೂ ನಗು ಬರುತ್ತೆ, ಆದರೆ ಆಮೇಲೆ ಅವನು ಡಾಕ್ಟರ್ ಹತ್ತಿರ ಹೋಗ್ತಾನಲ್ಲ, ತನ್ನ ಫ್ರೆಂಡಿಗೆ ಹೀಗೊಂದು ಕನಸು ಬೀಳುತ್ತಂತೆ ಅಂತ ಸುತ್ತಿ ಬಳಸಿ ಹೇಳ್ತಾನಲ್ಲ, ಅಲ್ಲಿ ನಗೋಕಾಗಲ್ಲ. ದೇಹದಲ್ಲಿ ಏನೂ ತೊಂದರೆಯಿಲ್ಲ, ತೊಂದರೆ ಮನಸ್ಸಿನಲ್ಲಿ. ಮುಂದೆ ಡ್ರೆಸ್ಸನ್ನ ಕಸದ ಡಬ್ಬಿಗೆ ಹಾಕಿ, ಬೆನ್ನು ತಿರುಗಿಸಿ ನಡೀತಾನೆ. ಈ ಚಿತ್ರಿಕೆ 1967ರ ಕಾಮಿಕ್ಸ್‌ನದು, ‘ದಿ ಅಮೇಜಿಂಗ್ ಸ್ಪೈಡರ್ ಮ್ಯಾನ್’ನ 50ನೇ ಸಂಚಿಕೆ, ಚಿತ್ರ ಬರೆದವರು ಜಾನ್ ರೋಮಿಟಾ.

ಬಿಟ್ಟ ಮೇಲೆ ಅವನ ಬದುಕು ಸುಧಾರಿಸುತ್ತೆ ಅನ್ನೋದೇ ಮಜಾ. ಕ್ಲಾಸಿಗೆ ಸರಿಯಾಗಿ ಹೋಗ್ತಾನೆ, ಓದ್ತಾನೆ, ನಗ್ತಾನೆ. ಬೆಲೆ ಗೊತ್ತಾಗೋದು ಆಮೇಲೆ. ಉರಿಯೋ ಕಟ್ಟಡವೊಂದರಿಂದ, ಶಕ್ತಿಯಿಲ್ಲದೆಯೂ ನುಗ್ಗಿ, ಒಂದು ಮಗುವನ್ನ ಹೊರಗೆ ತರ್ತಾನೆ. ಖುಷಿಯಾಗಿ ಕೂತಿದ್ದಾಗ, ನಾಲ್ಕನೇ ಮಹಡಿಯಲ್ಲಿ ಯಾರೋ ಸಿಕ್ಕಿಹಾಕಿಕೊಂಡು ಸತ್ತರಂತೆ ಅನ್ನೋ ಮಾತು ಕಿವಿಗೆ ಬೀಳುತ್ತೆ. ಆ ಮಾತು ಹಿಂದಿಯಲ್ಲಿ ನನ್ನ ಕಿವಿಗೂ ಬಿದ್ದಿರಲೇಬೇಕು. ಅಣ್ಣ ಏನಂತ ಅನುವಾದ ಮಾಡಿದ್ದನೋ ನೆನಪಿಲ್ಲ.

ಈಗ ಭಾಷೆಯ ವಿಷಯಕ್ಕೆ ಬರೋಣ, ಯಾಕಂದ್ರೆ ಇದು ನನ್ನೊಬ್ಬನ ಕಥೆಯಲ್ಲ. ಆ ಸಿನಿಮಾ ಇಲ್ಲಿ ಇಂಗ್ಲಿಷ್ ಜೊತೆಗೆ ಹಿಂದಿ, ತಮಿಳು, ತೆಲುಗಿನಲ್ಲಿ ಬಂತು. ಮೂರು ವರ್ಷದ ನಂತರ ಬಂದ ಮೂರನೇ ಭಾಗ ಭೋಜ್‌ಪುರಿಯಲ್ಲೂ ಬಂತು. ಕನ್ನಡದಲ್ಲಿ ಬರಲಿಲ್ಲ. 1960ರ ದಶಕದಿಂದ ಕನ್ನಡಕ್ಕೆ ಡಬ್ಬಿಂಗ್ ಬೇಡ ಅನ್ನೋ ಅಲಿಖಿತ ನಿಷೇಧ ಚಿತ್ರರಂಗದಲ್ಲಿತ್ತು. ಆಗ ಅದಕ್ಕೆ ಅದರದೇ ಆದ ಕಾರಣಗಳಿದ್ದವು. ಡಬ್ ಆದ ಸಿನಿಮಾಗಳ ನಡುವೆ ಇಲ್ಲಿನ ಕಲಾವಿದರು, ತಂತ್ರಜ್ಞರು ಕೆಲಸ ಕಳ್ಕೋತಾರೆ ಅನ್ನೋ ಭಯ ಸುಳ್ಳಲ್ಲ. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಈ ಅಡ್ಡಿ ಸರಿಯಲ್ಲ ಅಂತ ಆದೇಶ ಕೊಟ್ಟಿತು. ವಾದ ಏನೇ ಇರಲಿ, ನಡುವೆ ಬೆಳೆದ ನಮ್ಮಂಥ ಮಕ್ಕಳಿಗೆ ಆಗಿದ್ದಿಷ್ಟು: ಹಾಲಿವುಡ್ ಸೂಪರ್‌ಹೀರೋಗಳೆಲ್ಲ ನಮಗೆ ಮೂಕಿ ಸಿನಿಮಾದವರು. ಹೊಡೆತಕ್ಕೆ ಭಾಷೆ ಬೇಡ, ಹಾಗಾಗಿ ಹೊಡೆತ ಉಳೀತು. ಮಾತು ಹೋಯ್ತು.

2023ರಲ್ಲಿ ‘ಸ್ಪೈಡರ್ ಮ್ಯಾನ್: ಅಕ್ರಾಸ್ ದಿ ಸ್ಪೈಡರ್ ವರ್ಸ್’ ಭಾರತದಲ್ಲಿ ಹತ್ತು ಭಾಷೆಗಳಲ್ಲಿ ಬಂತು, ಅದರಲ್ಲಿ ಕನ್ನಡವೂ ಒಂದು. ಅಕ್ಕನ ಮಗಳನ್ನ ಕರ್ಕೊಂಡು ಹೋಗಿದ್ದೆ. ಹೊರಗೆ ಬಂದು ಅವಳು ಕೇಳಿದ್ದು ಫೈಟಿನ ಬಗ್ಗೆ ಅಲ್ಲ. ‘ಗ್ವೆನ್ ಅಪ್ಪ ಸ್ವಂತ ಮಗಳಿಗೇ ಗನ್ ಯಾಕೆ ತೋರಿಸಿದ್ರು?’ ಅಂತ. ಎಂಟು ವರ್ಷದ ಹುಡುಗಿ. ಅವಳ ವಯಸ್ಸಲ್ಲಿ ನನಗೆ ಆ ಪ್ರಶ್ನೆ ಕೇಳೋ ಅವಕಾಶವೇ ಇರಲಿಲ್ಲ. ಸ್ವಲ್ಪ ಹೊಟ್ಟೆಕಿಚ್ಚಾಯ್ತು, ನಿಜ ಹೇಳ್ತೀನಿ.

ಸರಿ, ಆ ಟೇಬಲ್ಲಿನ ದೃಶ್ಯ. ಚಿಕ್ಕಪ್ಪ ಬೆನ್ ಸತ್ತಿದ್ದಕ್ಕೆ ತಾನೇ ಕಾರಣ ಅಂತ ಮೇ ಕೊರಗ್ತಾ ಇರ್ತಾರೆ. ಪೀಟರ್ ಅಲ್ಲ ಅಂತಾನೆ. ಅವತ್ತು ಲೈಬ್ರರಿಗೆ ಅಂತ ಸುಳ್ಳು ಹೇಳಿ ದುಡ್ಡಿಗಾಗಿ ಕುಸ್ತಿಗೆ ಹೋಗಿದ್ದೆ, ಓಡ್ತಿದ್ದ ಕಳ್ಳನನ್ನ ತಡೀಬಹುದಿತ್ತು, ತಡೀಲಿಲ್ಲ, ಅವನೇ ಚಿಕ್ಕಪ್ಪನ ಮೇಲೆ ಗುಂಡು ಹಾರಿಸಿದ ಅಂತ ಒಪ್ಕೋತಾನೆ. ಎರಡು ವರ್ಷ ಬಚ್ಚಿಟ್ಟಿದ್ದ ಮಾತು. ಉತ್ತರವಾಗಿ ಸಿಗೋದು ಬಿಡಿಸಿಕೊಂಡ ಕೈ, ಮೆಟ್ಟಿಲಿನ ಸದ್ದು. ಕ್ಷಮೆ ಆಮೇಲೆ ಬರುತ್ತೆ, ಆದರೆ ತಕ್ಷಣ ಬರಲ್ಲ. ಸೂಪರ್‌ಹೀರೋ ಸಿನಿಮಾದಲ್ಲಿ ಹೀರೋ ತಪ್ಪೊಪ್ಪಿಕೊಂಡ ಮೇಲೆ ಎದುರಿನವರು ಎದ್ದು ಹೋಗೋಕೆ ಜಾಗ ಬಿಡೋದು ನಾನಂತೂ ಹೆಚ್ಚು ನೋಡಿಲ್ಲ. ಅಣ್ಣನಿಗೆ ಫೋನ್ ಮಾಡಿ ನಿಜಾಂಶ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನನಗೂ ಅರ್ಥ ಆಗಿರಲಿಲ್ಲ ಕಣೋ’ ಅಂದ.

ರೈಲಿನ ದೃಶ್ಯ ಹೇಗಿದೆ ಅಂತ ಕೇಳ್ತೀರಿ. ನಮ್ಮ ಎರಡನೇ ಸಿಡಿ ಅಲ್ಲೇ ಗೀಚಿ ಹೋಗಿತ್ತು, ಚಿತ್ರ ಚೌಕ ಚೌಕವಾಗಿ ನಿಲ್ಲುತ್ತಿತ್ತು. ಈಗ ಪೂರ್ತಿ ನೋಡಿದೆ. ಬ್ರೇಕ್ ಕಿತ್ತುಹೋದ ರೈಲನ್ನ ಬಲೆ ಎಸೆದು ಎಸೆದು ನಿಲ್ಲಿಸಿ ಪೀಟರ್ ಪ್ರಜ್ಞೆ ತಪ್ಪುತ್ತಾನೆ. ಪ್ರಯಾಣಿಕರು ಅವನನ್ನ ಕೈಯಿಂದ ಕೈಗೆ ಎತ್ತಿಕೊಂಡು ಒಳಗೆ ಮಲಗಿಸ್ತಾರೆ. ಮುಖವಾಡ ಇಲ್ಲ. ಇವನು ನನ್ನ ಮಗನಷ್ಟೂ ದೊಡ್ಡವನಲ್ಲ ಅಂತಾನೆ ಒಬ್ಬ. ಮೂರನೇ ಕ್ಲಾಸಲ್ಲಿ ಪೀಟರ್ ನನಗೆ ದೊಡ್ಡ ಗಂಡಸು. ಈಗ ನನಗಿಂತ ಚಿಕ್ಕವನು. ನಾನೂ ಆ ಪ್ರಯಾಣಿಕರ ಜೊತೆ ನಿಂತು ಕೆಳಗೆ ಮಲಗಿರೋ ಹುಡುಗನ ಮುಖ ನೋಡ್ತಿದ್ದೆ. ಕಥೆಯಲ್ಲಿ ಇದು ನ್ಯೂಯಾರ್ಕ್, ಎತ್ತರದ ಹಳಿಗಳಿಗಾಗಿ ಶೂಟ್ ಮಾಡಿದ್ದು ಶಿಕಾಗೋದಲ್ಲಿ.

ಗ್ರಾಫಿಕ್ಸ್ ಹಳೇದಾಗಿದೆಯಾ? ಕೆಲವು ಕಡೆ ಹೌದು, ಕಟ್ಟಡದಿಂದ ಕಟ್ಟಡಕ್ಕೆ ಹಾರೋವಾಗ ದೇಹ ರಬ್ಬರಿನ ಹಾಗೆ ಕಾಣುತ್ತೆ. ಆದರೆ ಆ ಕಬ್ಬಿಣದ ಕೈಗಳು ಇವತ್ತಿಗೂ ಭಯ ಹುಟ್ಟಿಸುತ್ತವೆ, ಯಾಕಂದ್ರೆ ಎಷ್ಟೋ ಶಾಟ್‌ಗಳಲ್ಲಿ ಅವು ನಿಜವಾಗಿಯೂ ಅಲ್ಲಿದ್ದವು. ಬೊಂಬೆಯಾಟದವರ ಹಾಗೆ ಒಂದು ತಂಡ ಅವನ್ನ ಆಡಿಸುತ್ತಿತ್ತು, ಮೊಲಿನಾ ಅವುಗಳಿಗೆ ಲ್ಯಾರಿ, ಹ್ಯಾರಿ, ಮೋ, ಫ್ಲೋ ಅಂತ ಹೆಸರೂ ಇಟ್ಟಿದ್ದರು. ಕಂಪ್ಯೂಟರ್ ಬಂದಿದ್ದು ಉಳಿದ ಕಡೆ. ಆಸ್ಪತ್ರೆಯ ಆಪರೇಷನ್ ದೃಶ್ಯವಂತೂ ಶುದ್ಧ ಹಾರರ್. ರೈಮಿ ಹೆಸರು ಮಾಡಿದ್ದೇ ‘ದಿ ಈವಿಲ್ ಡೆಡ್’ನಿಂದ. ವಿಷುಯಲ್ ಎಫೆಕ್ಟ್ಸ್‌ಗೆ ಆಸ್ಕರ್ ಸುಮ್ಮನೆ ಬರಲಿಲ್ಲ.

ಎಲ್ಲವೂ ಚೆನ್ನಾಗಿದೆ ಅಂತ ಹೇಳೋಕೆ ಬಂದಿಲ್ಲ ನಾನು. ಮೇರಿ ಜೇನ್ ಪಾತ್ರ ಈಗ ಕಿರಿಕಿರಿ ಮಾಡುತ್ತೆ. ಕ್ಲೈಮ್ಯಾಕ್ಸಲ್ಲಿ ಅವಳನ್ನ ಕಟ್ಟಿಹಾಕೋದು, ಅವಳು ಕಿರುಚೋದು, ಹೀರೋ ಬಂದು ಬಿಡಿಸೋದು. ಅವಳ ನಾಟಕಕ್ಕೆ ಬರ್ತೀನಿ ಅಂತ ಮಾತು ಕೊಟ್ಟು ಪೀಟರ್ ಲೇಟಾಗಿ ಹೋಗಿ ಬಾಗಿಲಲ್ಲೇ ಉಳೀತಾನಲ್ಲ, ಆಗ ನಾನು ಅವನ ಕಡೆ ಇದ್ದೆ. ಈಗ ಅವಳ ಕಡೆ. ಅವನು ಅವಳ ಒಳ್ಳೇದಕ್ಕೆ ಅಂತ ಎಲ್ಲವನ್ನೂ ಒಬ್ಬನೇ ತೀರ್ಮಾನ ಮಾಡ್ತಾನೆ, ಒಂದು ಸಲವೂ ಅವಳನ್ನ ಕೇಳಲ್ಲ.

2021ರಲ್ಲಿ ‘ನೋ ವೇ ಹೋಮ್’ ಬಂದಾಗ ಟೋಬಿ ತೆರೆಮೇಲೆ ಕಾಣಿಸಿಕೊಂಡ ಕೂಡಲೇ ಥಿಯೇಟರಲ್ಲಿ ಶಿಳ್ಳೆ ಬಿತ್ತು, ನಾನೂ ಹೊಡೆದೆ. ಆದರೆ ಆ ಶಿಳ್ಳೆ ನನ್ನ ಬಾಲ್ಯಕ್ಕೆ ಬಿದ್ದಿದ್ದು. 2004ರ ಸಿನಿಮಾಗೆ ನನ್ನ ಬಾಲ್ಯದ ಸಹಾಯ ಬೇಕಾಗಿಲ್ಲ.

ಕೊನೆಯ ಶಾಟ್ ಬಗ್ಗೆ ಹೇಳಿ ನಿಲ್ಲಿಸ್ತೀನಿ. ಮದುವೆ ಮಂಟಪದಿಂದ ಓಡಿಬಂದ ಮೇರಿ ಜೇನ್ ಪೀಟರ್ ರೂಮಿನ ಬಾಗಿಲಲ್ಲಿ ನಿಂತು, ಆಯ್ಕೆ ನನ್ನದೂ ಹೌದು ಅಂತಾಳೆ. ಹೊರಗೆ ಪೊಲೀಸ್ ಸೈರನ್. ಹೋಗು ಅಂತ ಅವಳೇ ಕಳಿಸ್ತಾಳೆ. ಅವನು ಖುಷಿಯಾಗಿ ಕಟ್ಟಡಗಳ ನಡುವೆ ಹಾರ್ತಾ ಹೋಗ್ತಾನೆ. ನನ್ನ ನೆನಪಲ್ಲಿ ಸಿನಿಮಾ ಅಲ್ಲಿಗೇ ಮುಗಿದಿತ್ತು; ಅಷ್ಟರಲ್ಲಿ ಅಣ್ಣ ಎದ್ದು ಸಿಡಿ ತೆಗೆದಿದ್ದ, ಅಂಗಡಿಗೆ ವಾಪಸ್ ಕೊಡಬೇಕಿತ್ತಲ್ಲ. ಆದರೆ ಕ್ಯಾಮೆರಾ ಕಿಟಕಿಗೆ ಮರಳುತ್ತೆ. ಮದುವೆ ಬಟ್ಟೆಯಲ್ಲಿ ಮೇರಿ ಜೇನ್ ನಿಂತಿದ್ದಾಳೆ. ಅವಳ ಮುಖದಲ್ಲಿ ನಗು ಇಲ್ಲ.